ಮೊದಲ ನಂಬರಿನ ಹಮಾಲ

ಜೂನ್ 9, 1987, ಮಂಗಳವಾರ

ಬೆಳಿಗ್ಗೆಯಿಂದ ಎರಡು ಟ್ರಕ್. ಎರಡೂ ಮಾಲೇಗಾಂವದ್ದು, ಧೋತರ ಮತ್ತು ಸೀರೆ. ಮೃಗಶಿರ ಹೂಡಿದರೂ ಮಳೆ ಇಲ್ಲ. ಗಾಂಧಿಬಾಗಿನ ಬಟ್ಟೆ ಪೇಟೆಯ ಗಲ್ಲಿಯಲ್ಲಿ ಗಾಳಿ ಆಡುವುದಿಲ್ಲ. ಟ್ರಕ್ಕಿನ ತಗಡು ಮುಟ್ಟಿದರೆ ಅಂಗೈ ಚುರ್ರೆನ್ನುತ್ತದೆ.

ಹೊನ್ನಪ್ಪ ಇವತ್ತೂ ನಗಿಸಿದ. ಬೆನ್ನ ಮೇಲೆ ಬಟ್ಟೆ ಗಂಟು ಇಟ್ಟುಕೊಂಡೇ ಗೋದಾಮಿನ ಸೇಠನ ನಡಿಗೆ ತೋರಿಸಿದ. ಅವನು ನನ್ನ ಹೆಂಡತಿಯ ತಮ್ಮ. ಗುಳೇದಗುಡ್ಡದಲ್ಲಿ ಅವರ ಮಗ್ಗ ನಿಂತ ವರ್ಷ ನಾನೇ ಕರೆತಂದೆ, ನಮ್ಮ ಮನೆಯಲ್ಲೇ ಇರುತ್ತಾನೆ. ಈಗ ನಮ್ಮ ಹಮಾಲರ ಟೋಳಿಯಲ್ಲಿ ಎಲ್ಲರಿಗೂ ನನಗಿಂತ ಅವನೇ ಬೇಕು.

ಮಧ್ಯಾಹ್ನ ಒಬ್ಬ ಡ್ರೈವರ್ ಕೈಗಾಡಿಯವನಿಗೆ ಜಾಕಿನ ರಾಡಿನಿಂದ ಹೊಡೆದ. ಹುಬ್ಬು ಒಡೆದು ರಕ್ತ ಬಾಯಿಗೆ ಇಳಿಯಿತು. ಯಾರೂ ಬಿಡಿಸಲಿಲ್ಲ. ನಾವು ಗೋಣಿಚೀಲ ಹಾಸಿ ಊಟಕ್ಕೆ ಕೂತಿದ್ದೆವು. ಬಾಬು ಎದ್ದು ಹೋಗಿ ರಾಡು ಕಿತ್ತುಕೊಂಡು ಬಂದ. ಬಾಬು ಇಲ್ಲಿಯವನೇ, ಮರಾಠಿ, ಟೋಳಿಯಲ್ಲಿ ಎಲ್ಲರಿಗಿಂತ ಗಟ್ಟಿಗ. ಬಂದವನೇ ನನ್ನ ಡಬ್ಬಿಗೆ ಕೈ ಹಾಕಿ ಶೇಂಗಾ ಚಟ್ನಿ ತೆಗೆದುಕೊಂಡ. ನಮ್ಮಲ್ಲಿ ಯಾರ ಡಬ್ಬಿ ಯಾರದೆಂದು ಇಲ್ಲ. ಕೂಲಿಯೂ ಹಾಗೆಯೇ. ಬಂದದ್ದು ಸಮಸಮ.

ಇಷ್ಟು ಬರೆದರೆ ಸಾಕು. ಬರೆಯದಿದ್ದರೆ ಕನ್ನಡ ಅಕ್ಷರ ಮರೆತು ಹೋದಾವು ಅಂತ ಬರೆಯುವುದು.

ಜೂನ್ 12, ಶುಕ್ರವಾರ

ಗೋದಾಮಿಗೆ ಕಾಲೇಜಿನವರು ಬಂದಿದ್ದರು. ಒಬ್ಬರು ಪ್ರೊಫೆಸರ್, ಇಬ್ಬರು ಹುಡುಗಿಯರು. ಕೆಲಸಗಾರರ ನಡವಳಿಕೆಯ ಬಗ್ಗೆ ಏನೋ ಸಂಶೋಧನೆ. ಸೇಠ್ ಒಪ್ಪಿದ್ದಾನೆ. ನಾನು ಹೊನ್ನಪ್ಪನನ್ನು ಬೈಯುತ್ತಿದ್ದದ್ದು ಕೇಳಿ ಪ್ರೊಫೆಸರ್ ತಿರುಗಿ ನಿಂತರು.

"ಕನ್ನಡದವರಾ ನೀವು?"

"ಹೌದ್ರಿ ಸರ್. ಬಾಗಲಕೋಟಿ ಕಡೆ."

"ನಾನು ಕೊಡಗು. ಅಪ್ಪಚ್ಚು ಅಂತ. ಎಷ್ಟು ಓದಿದ್ದೀರಿ?"

"ಮೆಟ್ರಿಕ್ ರೀ."

ಫೇಲ್ ಅನ್ನುವುದನ್ನು ನುಂಗಿದೆ. ಗಣಿತ. ಎರಡು ಸಲ.

ಟೋಳಿಯ ಎಲ್ಲರಿಗೂ ಪರೀಕ್ಷೆ ಇಟ್ಟರು. ಚಿತ್ರ ನೋಡಿ ಮರದ ತುಂಡು ಜೋಡಿಸುವುದು. ಯಾವ ಗಂಟು ಭಾರ ಅಂತ ಕಣ್ಣಳತೆಯಲ್ಲೇ ಹೇಳುವುದು. ಒಂದಷ್ಟು ಪ್ರಶ್ನೆ. ಬರೆಯಲು ಬಾರದವರ ಉತ್ತರ ಹುಡುಗಿಯರು ಬರೆದುಕೊಂಡರು. ಮೊದಲು ಬಂದವನು ದಸರೆಯವರೆಗೆ ಟೋಳಿಗೆ ಮುಕಾದಮ್. ಕೆಂಪು ಟೊಪ್ಪಿಗೆ, ನೆರಳಿನಲ್ಲಿ ಕುರ್ಚಿ, ಕೂಲಿಯಲ್ಲಿ ಎರಡು ಪಾಲು. ಯಾರು ಏನು ಹೊರಬೇಕು ಅಂತ ಹೇಳುವವನು ಅವನೇ.

ಎದುರಿನ ಗೋದಾಮಿನ ಟೋಳಿಗೂ ಮುಕಾದಮ್ ಉಂಟು. ಆದರೆ ಅಲ್ಲಿ ಪರೀಕ್ಷೆ ಇಲ್ಲ. ಕಾಲೇಜಿನವರೇ ಎಲ್ಲರೆದುರು ಡಬ್ಬದಲ್ಲಿ ಚೀಟಿ ಹಾಕಿ ಎತ್ತಿದರು. ವಾಮನ್ ಅನ್ನುವವನಿಗೆ ಬಂತು. ಅವನು ಟೊಪ್ಪಿಗೆ ಹಾಕಿಕೊಂಡು ಕೋತಿಯ ಹಾಗೆ ಕುಣಿದ. ಎಲ್ಲರೂ ಚಪ್ಪಾಳೆ.

ನಮ್ಮದು ಹಾಗಲ್ಲ. ನಮ್ಮದು ಬುದ್ಧಿಯ ಮೇಲೆ.

ಜೂನ್ 16, ಮಂಗಳವಾರ

ನಾನೇ.

ಅಪ್ಪಚ್ಚು ಸರ್ ಎಲ್ಲರನ್ನೂ ನಿಲ್ಲಿಸಿ ಓದಿದರು. "ರುದ್ರಪ್ಪ. ಮೊದಲನೇ ನಂಬರ್." ಹಿಂದಿಯಲ್ಲೂ ಹೇಳಿದರು. ಟೊಪ್ಪಿಗೆ ಅವರೇ ತಲೆಗೆ ಇಟ್ಟರು. ಬಾಬು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಮನೆಯಲ್ಲಿ ಹೆಂಡತಿ ಚಂದ್ರಮ್ಮ ಸಿಹಿಗೆ ಸಜ್ಜಕ ಮಾಡಿದಳು. ಹೊನ್ನಪ್ಪ ನನ್ನ ಕಾಲು ಹಿಡಿದು, "ಸಾಹೇಬ್ರ, ನಾಳಿಂದ ನನಗ ಸಣ್ಣ ಸಣ್ಣ ಗಂಟು ಕೊಡ್ರಿ" ಅಂತ ಅತ್ತ ಹಾಗೆ ಮಾಡಿದ. ನಕ್ಕು ನಕ್ಕು ಸಾಕಾಯಿತು.

ಮೊದಲನೇ ನಂಬರ್. ಮಾಸ್ತರು ಬೆಂಚಿನ ಮೇಲೆ ನಿಲ್ಲಿಸಿ, ಇವನ ತಲೆಯಲ್ಲಿ ಸಗಣಿ ಇದೆ ಅಂದಿದ್ದರು. ಅವರು ಇದ್ದಾರೋ ಸತ್ತರೋ.

ಜೂನ್ 17, ಬುಧವಾರ

ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಬೆನ್ನು ಕಡಿಯಿತು. ಎದ್ದು ಹೋಗಿ ಬಾಬುವಿನ ಜೊತೆ ಗಂಟು ಎತ್ತಿದೆ. ಟೊಪ್ಪಿಗೆ ಬಿದ್ದುಬಿದ್ದು ಹೋಗುತ್ತಿತ್ತು. ಸೇಠ್ ಮಾಳಿಗೆಯ ಕಿಟಕಿಯಿಂದ ನೋಡಿ ಅಂದ— ಮುಕಾದಮ್ ಹೊರುವುದಿಲ್ಲ, ಹೊರಿಸುತ್ತಾನೆ.

ಜೂನ್ 24, ಬುಧವಾರ

ಕೂತು ನೋಡಿದರೆ ಎಷ್ಟೊಂದು ಕಾಣುತ್ತದೆ. ಇವರು ಕೆಲಸ ಮಾಡುವುದಕ್ಕಿಂತ ಬೀಡಿ ಸೇದುವುದೇ ಹೆಚ್ಚು. ಗಂಟಿಗೆ ಕೊಕ್ಕೆ ಹಾಕುವಾಗ ಬಟ್ಟೆ ಹರಿಯುತ್ತದೆ, ಲೆಕ್ಕಕ್ಕಿಲ್ಲ. ನೀರು ಕುಡಿಯಲು ಹೋದವನು ಬರುವುದೇ ಇಲ್ಲ. ನಾನೂ ಹೀಗೇ ಇದ್ದೆನೇ? ಇರಲಿಲ್ಲ ಅನ್ನಿಸುತ್ತದೆ. ಇದ್ದಿದ್ದರೆ ಮೊದಲು ಬರುತ್ತಿರಲಿಲ್ಲವಲ್ಲ.

ಇವತ್ತು ಊಟ ಕುರ್ಚಿಯಲ್ಲೇ. ಗೋಣಿಯ ಮೇಲೆ ಕೂತರೆ ಟ್ರಕ್ ಬಂದದ್ದು ಕಾಣುವುದಿಲ್ಲ. ಬಾಬು ಕರೆದ. ಚಟ್ನಿ ಅವನಿಗೇ ಕಳಿಸಿದೆ. ತಿಂದನೋ ಇಲ್ಲವೋ ನೋಡಲಿಲ್ಲ.

ಜುಲೈ 3, ಶುಕ್ರವಾರ

ಸೇಠನ ಹತ್ತಿರ ಹೋಗಿ ಬರುವಷ್ಟರಲ್ಲಿ ಹೊನ್ನಪ್ಪ ನನ್ನ ಕುರ್ಚಿಯಲ್ಲಿ. ನನ್ನ ಟೊಪ್ಪಿಗೆ ಹಾಕಿಕೊಂಡು. ಮುಖ ಗಂಟಿಕ್ಕಿ, ಬೆರಳು ತೋರಿಸಿ—

"ಏ ಬಾಬು, ಜಲ್ದಿ! ನಾ ಪರೀಕ್ಷಾ ಪಾಸ್ ಆದಾಂವ ಅದೀನಿ!"

ಬರೋಬರ್ ನನ್ನ ದನಿ. ಕನ್ನಡ ತಿಳಿಯದವರೂ ನಗುತ್ತಿದ್ದರು. ಎದುರಿನ ಗೋದಾಮಿನ ವಾಮನ್ ಕೂಡ ಬಾಗಿಲಲ್ಲಿ ನಿಂತು ನಗುತ್ತಿದ್ದ.

ಕೈ ಎತ್ತಿದ್ದು ನೆನಪಿಲ್ಲ. ಸದ್ದು ನೆನಪಿದೆ. ಕಪಾಳಕ್ಕೆ. ಟೊಪ್ಪಿಗೆ ಹಾರಿ ಮಣ್ಣಿಗೆ ಬಿತ್ತು. ಹೊನ್ನಪ್ಪ ಕೆನ್ನೆ ಹಿಡಿದುಕೊಂಡು ನೋಡಿದ. ಇನ್ನೂ ನಗು ಪೂರ್ತಿ ಹೋಗಿರಲಿಲ್ಲ.

"ಚ್ಯಾಷ್ಟಿ ಮಾಡಿದ್ನೋ ಮಾವಾ."

ಮತ್ತೊಂದು ಹಾಕಿದೆ. ಎರಡನೆಯದು ಪೂರ್ತಿ ನೆನಪಿದೆ. ಬೇಕಂತಲೇ ಹೊಡೆದದ್ದು.

ಆಮೇಲೆ ಯಾರೂ ಬೀಡಿ ಹಚ್ಚಲಿಲ್ಲ. ಸಂಜೆಯವರೆಗೆ ಎಂದೂ ಇಲ್ಲದಷ್ಟು ಕೆಲಸ ಆಯಿತು.

ಜುಲೈ 4, ಶನಿವಾರ

ಇವತ್ತು ಕಾಲೇಜಿನ ಹುಡುಗಿಯರು ಬರುವ ದಿನ. ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಯಾರ ಜೊತೆ ಊಟ ಮಾಡುತ್ತೀರಿ? ಮುಕಾದಮನಿಗೆ ಎರಡು ಪಾಲು ಸಿಗುವುದು ನ್ಯಾಯವೇ? ನಾನು ಹೇಳಿದೆ, ನ್ಯಾಯ. ಬುದ್ಧಿ ಇದ್ದವನಿಗೂ ಇಲ್ಲದವನಿಗೂ ಒಂದೇ ಆದರೆ ಬುದ್ಧಿ ಯಾಕೆ ಬೇಕು? ಆ ಹುಡುಗಿ ಬರೆದುಕೊಂಡಳು. "ಹೊಡೆದಿರಂತೆ?" ಎಂದು ಕೇಳಿದಳು. ಮನೆಯ ಹುಡುಗ, ತಪ್ಪು ಮಾಡಿದರೆ ಹೊಡೆಯಬಾರದೇ, ಎಂದೆ. ಅದನ್ನೂ ಬರೆದುಕೊಂಡಳು.

ಜುಲೈ 19, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇಲ್ಲ. ಕೆಲಸ ಚೆನ್ನಾಗಿ ನಡೆದಿದೆ. ಬೈದರೆ ಇವರು ಕೇಳುವುದಿಲ್ಲ. ಕೊಕ್ಕೆಯ ಮರದ ಹಿಡಿಕೆಯಿಂದ ಮೊಣಕೈ ಗಂಟಿಗೆ ಒಂದು ಕೊಟ್ಟರೆ ಸಾಕು. ಗುರುತೂ ಉಳಿಯುವುದಿಲ್ಲ. ಒಬ್ಬ ಕೆಲಸ ಬಿಟ್ಟು ಹೋದ. ಹೋಗಲಿ. ಬಾಬುವನ್ನು ಮಾತ್ರ ಮುಟ್ಟಿಲ್ಲ. ಅವನು ನನ್ನ ಕಡೆ ನೋಡುವುದೇ ಇಲ್ಲ, ಹೇಳಿದ್ದು ಮಾಡುತ್ತಾನೆ.

ಇವತ್ತು ಮನೆಯಲ್ಲಿ. ಚಂದ್ರಮ್ಮ ರೊಟ್ಟಿ ಬಡಿಸುತ್ತಾ ಶುರು ಮಾಡಿದಳು.

"ಹೊನ್ನನ ಬೆನ್ನು ನೋಡೀಯೇನು? ಹುಣ್ಣಾಗೈತಿ. ನಾಳಿ ಒಂದ ದಿನ ಸಣ್ಣ ಗಂಟು ಕೊಡು."

"ಗೋದಾಮಿನ ಮಾತು ಮನ್ಯಾಗ ಬ್ಯಾಡ."

"ಅಂವ ನನ್ನ ತಮ್ಮ."

"ಇಲ್ಲಿ ನಿನ್ನ ತಮ್ಮ. ಅಲ್ಲಿ ಹಮಾಲ."

"ನೀ?"

ಇಷ್ಟೇ ಅಂದದ್ದು. ನೀ? ತಾಟು ಎತ್ತಿ ಎಸೆದೆ. ಅಂಚು ಅವಳ ಗಲ್ಲಕ್ಕೆ ಬಡಿದು ಕೊಯ್ಯಿತು. ಪಲ್ಯ ಗೋಡೆಗೆ. ಅವಳು ಅಳಲಿಲ್ಲ. ಸೆರಗಿನಿಂದ ಗಲ್ಲ ಒತ್ತಿಕೊಂಡು ಗೋಡೆ ಒರೆಸಿದಳು. ಹೊನ್ನಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಒಳಗೆ ಬರಲಿಲ್ಲ. ಮದುವೆಯಾದಾಗಿನಿಂದ ಅವಳ ಮೇಲೆ ಕೈ ಎತ್ತಿದವನಲ್ಲ. ಇವತ್ತೂ ಎತ್ತಿಲ್ಲ. ತಾಟು ತಾಗಿತು.

ಜುಲೈ 28, ಮಂಗಳವಾರ

ಕೊನೆಗೂ ಮಳೆ. ಬೆಳಿಗ್ಗೆಯಿಂದ ಜಿಟಿಜಿಟಿ. ಟ್ರಕ್ ಬಂತು, ದಪ್ಪ ಚಾದರದ ಗಂಟುಗಳು. ಇಬ್ಬರು ಎತ್ತುವಂಥವು. ಮಾಲು ನೆನೆಯಬಾರದು ಅಂತ ಸೇಠ್ ಮೇಲಿನಿಂದ ಕೂಗುತ್ತಿದ್ದ. ಹೊನ್ನಪ್ಪ ಬಂದು ನಿಂತ.

"ಮಾವಾ, ಜೋಡಿ ಕೊಡು. ಒಬ್ಬನ ಕೈಲೆ ಆಗೂದಿಲ್ಲ."

ಕೊಡಬಹುದಿತ್ತು. ಬಾಬು ಅಲ್ಲೇ ಇದ್ದ. ಎಲ್ಲರೂ ನೋಡುತ್ತಿದ್ದರು, ನಾನು ಏನು ಮಾಡುತ್ತೇನೆ ಅಂತ.

"ಎಲ್ಲಾರೂ ಒಬ್ಬೊಬ್ಬರ ಎತ್ತತಾರ. ನಿನಗೇನು ಬ್ಯಾರೆ ಕಾಯ್ದೆ?"

ಅವನು ಗಂಟು ಹೊತ್ತು, ಟ್ರಕ್ಕಿಗೆ ಆನಿಸಿದ್ದ ಹಲಗೆಯ ಮೇಲೆ ಒಂದೆರಡು ಹೆಜ್ಜೆ ಇಳಿದ. ಹಲಗೆ ಒದ್ದೆ. ಕಾಲು ಜಾರಿತು. ಹಿಡಿದುಕೊಳ್ಳಲು ಟ್ರಕ್ಕಿನ ಅಂಚಿಗೆ ಕೈ ಹಾಕಿದ. ಗಂಟು ಬಂದು ಆ ಕೈಯ ಮೇಲೆ ಕೂತಿತು. ಕಬ್ಬಿಣದ ಅಂಚು ಕೆಳಗೆ, ಗಂಟು ಮೇಲೆ. ಕಬ್ಬು ಮುರಿದ ಹಾಗೆ ಸದ್ದು. ಆಮೇಲೆ ಅವನ ಕೂಗು.

ಗಂಟು ಕೆಸರಿಗೆ ಉರುಳಿತು. ನಾನು ಓಡಿದೆ. ಓಡಿ ಹೋಗಿ ಏನು ಅಂದೆನೆಂದು ಬರೆಯಬೇಕು. "ಮಾಲು ಕೆಡಿಸಿದೆಲ್ಲೋ!" ಅಂದೆ.

ಬಾಬು ತನ್ನ ಅಂಗಿ ಹರಿದು ಆ ಕೈಗೆ ಸುತ್ತಿದ. ಅದು ಕೈಯ ಹಾಗೆ ಕಾಣುತ್ತಿರಲಿಲ್ಲ.

ಜುಲೈ 29, ಬುಧವಾರ

ಬಲಗೈ. ಹೆಬ್ಬೆರಳು, ಕಿರುಬೆರಳು ಬಿಟ್ಟು ಉಳಿದವನ್ನು ಡಾಕ್ಟರು ತೆಗೆದರು. ಚಂದ್ರಮ್ಮ ದವಾಖಾನೆಯಲ್ಲೇ ಇದ್ದಾಳೆ.

ಹಲಗೆ ಒದ್ದೆ ಇತ್ತು. ನಾನೇನು ಮಳೆ ತರಿಸಿದೆನೇ? ಹೆಜ್ಜೆ ನೋಡಿ ಇಡಬೇಕು. ಬುದ್ಧಿ ಇಲ್ಲದವರಿಗೆ ಎಷ್ಟು ಹೇಳಿದರೂ ಅಷ್ಟೇ. ಪರೀಕ್ಷೆಯ ದಿನವೂ ಮರದ ತುಂಡಿನಲ್ಲಿ ಮನೆ ಕಟ್ಟಿ ಆಟ ಆಡುತ್ತಿದ್ದ.

ಆಗಸ್ಟ್ 8, ಶನಿವಾರ

ಮನೆಗೆ ಬಂದಾಗ ಚಂದ್ರಮ್ಮ ಗಂಟುಮೂಟೆ ಕಟ್ಟಿದ್ದಳು. ಹೊನ್ನಪ್ಪ ಗೋಡೆಗೆ ಒರಗಿ ಕೂತಿದ್ದ, ಕೈ ತುಂಬ ಬ್ಯಾಂಡೇಜ್. ಬಾಬುವಿನ ವಠಾರದಲ್ಲಿ ಒಂದು ಖೋಲಿ ಖಾಲಿ ಇದೆಯಂತೆ.

"ಎಲ್ಲೀ ಹೊಂಟಿ?"

"ಬಾಬೂನ ಹೇಣ್ತಿ ಕರದಾಳ."

"ನಾ ಏನ ಮಾಡೀನಿ? ಜಾರಿ ಬಿದ್ದಾನ. ಕೇಳು ಅವನ್ನ."

ಹೊನ್ನಪ್ಪ ತಲೆ ಎತ್ತಲಿಲ್ಲ. ಅವಳು ಬಾಗಿಲಲ್ಲಿ ನಿಂತಳು. ಗಲ್ಲದ ಗಾಯ ಮಾಸಿ ಕಪ್ಪು ಗೆರೆಯಾಗಿದೆ.

"ಪರೀಕ್ಷಾ ಪಾಸಾದಾಗಿಂದ ನಿನಗ ನಮ್ಮ ಮುಖಾನ ಕಾಣವಲ್ದು" ಅಂದಳು.

ಕೂದಲು ಹಿಡಿದು ಒಳಗೆ ಎಳೆದೆ. ಹೊನ್ನಪ್ಪ ಎದ್ದು ಒಂದೇ ಕೈಯಲ್ಲಿ ನನ್ನ ಕೊರಳಪಟ್ಟಿ ಹಿಡಿದ. ನೂಕಿದೆ. ಬ್ಯಾಂಡೇಜಿನ ಕೈಯೇ ಊರಿ ಬಿದ್ದ. ಅವನ ಕೂಗಿಗೆ ಅಕ್ಕಪಕ್ಕದವರು ಬಂದರು. ಅವರೆದುರೇ ಇಬ್ಬರೂ ಹೋದರು.

ಹೊಟ್ಟೆಕಿಚ್ಚು. ಎಲ್ಲರಿಗೂ.

ಆಗಸ್ಟ್ 24, ಸೋಮವಾರ

ಪೋಳಾ. ಎತ್ತುಗಳಿಗೆ ಬಣ್ಣ ಹಚ್ಚಿ ಮೆರೆಸುವ ದಿನ. ಗೋದಾಮು ಅರ್ಧ ದಿನ. ಟೋಳಿಯವರು ಹಿಂದಿನ ಓಣಿಯಲ್ಲಿ ಬಿದಿರು, ಕಾಗದ ಕೂಡಿಸಿಕೊಂಡು ಏನೋ ಕಟ್ಟುತ್ತಿದ್ದಾರೆ. ನಾಳೆ ಮಾರಬತ್ ಮೆರವಣಿಗೆ. ಊರಿನ ಪೀಡೆಗಳದ್ದೆಲ್ಲ ಗೊಂಬೆ ಮಾಡಿ, ಬೈದು, ಹೊತ್ತೊಯ್ದು ಸುಡುವುದು. ನಾನು ಹೋದ ಕೂಡಲೇ ಗೋಣಿ ಮುಚ್ಚಿದರು. ಕೇಳಲಿಲ್ಲ. ಕೇಳಿದರೂ ಹೇಳುವವರು ಯಾರು?

ಮನೆಯಲ್ಲಿ ಒಲೆ ಹಚ್ಚಿಲ್ಲ.

ಆಗಸ್ಟ್ 29, ಶನಿವಾರ. ದವಾಖಾನೆ

ಬಲಗಣ್ಣು ಬಾತು ಮುಚ್ಚಿದೆ. ಒಂದೇ ಕಣ್ಣಿನಲ್ಲಿ ಬರೆಯುವುದು. ಪಕ್ಕೆಲುಬು ಎರಡು ಮುರಿದಿವೆ, ಮುಂದಿನ ಹಲ್ಲು ಹೋಗಿವೆ, ತುಟಿಗೆ ಹೊಲಿಗೆ. ಹೊರಗೆ ಗಣಪತಿ ಪೆಂಡಾಲಿನ ಲೌಡ್‌ಸ್ಪೀಕರ್. ವಾರ್ಡಿನ ಬಾಗಿಲಲ್ಲಿ ಒಬ್ಬ ಪೊಲೀಸ್ ಸ್ಟೂಲಿನ ಮೇಲೆ ಕೂತಿರುತ್ತಾನೆ.

ಮಂಗಳವಾರ ಆದದ್ದು ಬರೆಯಬೇಕು.

ಗಲ್ಲಿ ತುಂಬ ಜನ. ಹಳದಿ ಬಣ್ಣದ ದೊಡ್ಡ ಹೆಣ್ಣುಗೊಂಬೆ, ಮಾರಬತ್, ಮುಂದೆ ಹೋಯಿತು, ಹಿಂದೆ ಗೊಂಬೆಗಳು ಸಾಲಾಗಿ. ಎಲ್ಲರ ಬಾಯಲ್ಲೂ ಒಂದೇ ಕೂಗು— "ಇಡಾ ಪೀಡಾ ಘೇವೂನ್ ಜಾ ಗೇ ಮಾರಬತ್!" ರೋಗ ರುಜಿನ ಎಲ್ಲ ಹೊತ್ತುಕೊಂಡು ಹೋಗು ಅಂತ. ನಾನು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕೊಕ್ಕೆ ಸೊಂಟದಲ್ಲಿತ್ತು.

ನಮ್ಮ ಟೋಳಿಯ ಗೊಂಬೆ ಬಂತು. ಬಿದಿರಿನ ಕುರ್ಚಿಯಲ್ಲಿ ಕೂತ ಗೊಂಬೆ. ದೊಡ್ಡ ಹೊಟ್ಟೆ. ಕೆಂಪು ಟೊಪ್ಪಿಗೆ. ಕೈಯಲ್ಲಿ ಕೊಕ್ಕೆ. ಕೊರಳಲ್ಲಿ ರಟ್ಟು— "ಪಹಿಲಾ ನಂಬರ್". ಮುಂದೆ ಬಾಬು ಹೊತ್ತಿದ್ದ. ಹಿಂದೆ ವಾಮನ್. ಪಕ್ಕದಲ್ಲಿ ಹೊನ್ನಪ್ಪ, ಬ್ಯಾಂಡೇಜಿನ ಕೈ ಎದೆಗೆ ಕಟ್ಟಿಕೊಂಡು. ಅವನು ಕೂಗುತ್ತಿರಲಿಲ್ಲ. ಬರೀ ನಡೆಯುತ್ತಿದ್ದ. ಮಿಕ್ಕವರು ಬೂಟಿನಿಂದ ಗೊಂಬೆಯ ಮುಖಕ್ಕೆ ಹೊಡೆಯುತ್ತಿದ್ದರು. ಗಲ್ಲಿಯೇ ನಗುತ್ತಿತ್ತು. ನನ್ನನ್ನು ಬೆರಳು ಮಾಡಿ ತೋರಿಸಿದರು. ಇವನೇ, ಇವನೇ.

ಕುರ್ಚಿ ಒದ್ದು ಎದ್ದೆ. ಜನರೊಳಗೆ ನುಗ್ಗಿ ಗೊಂಬೆಯ ತಲೆ ಕಿತ್ತೆ. ಬಾಬು ಒಂದು ಕೈಯಿಂದ ನನ್ನ ಎದೆ ತಡೆದ. "ಬಸ್, ರುದ್ರಾ. ಘರ್ ಜಾ" ಅಂದ. ಮನೆಗೆ ಹೋಗು. ಸಿಟ್ಟಿನಿಂದಲ್ಲ. ಮೊದಲಿನ ಹಾಗೆ, ಗೆಳೆಯನಿಗೆ ಹೇಳುವ ಹಾಗೆ ಹೇಳಿದ. ಅದನ್ನೇ ಸಹಿಸಲು ಆಗಲಿಲ್ಲ. ಕೊಕ್ಕೆ ತೆಗೆದು ಬೀಸಿದೆ. ಭುಜ ಮತ್ತು ಕೊರಳಿನ ನಡುವೆ ಇಳಿಯಿತು. ಗಂಟಿಗೆ ಹಾಕಿ ಎಳೆಯುವುದು ಕೈಗೆ ರೂಢಿ. ಎಳೆದೆ.

ಬಿಸಿ ರಕ್ತ ನನ್ನ ಮುಖಕ್ಕೆ, ಬಾಯಿಗೆ. ಬಾಬು ಮಂಡಿಯೂರಿದ.

ಆಮೇಲೆ ಜನ ನನ್ನ ಮೇಲೆ. ಬಿದಿರು, ಚಪ್ಪಲಿ, ಕಲ್ಲು. ಗೊಂಬೆಯ ಜೊತೆಗೇ ಎಳೆದುಕೊಂಡು ಹೋದರು. ಯಾರೋ ಮುಖ ತುಳಿದರು. ಸೀಮೆಎಣ್ಣೆಯ ವಾಸನೆ ಬಂತು. ಪೊಲೀಸಿನವರು ಲಾಠಿ ಬೀಸದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಬಾಬು ಬದುಕಿದ್ದಾನೆ. ಎಡಗೈ ಎತ್ತಲು ಬರುವುದಿಲ್ಲವಂತೆ. ನರ ಹರಿದಿದೆ. ಗಂಟು ಹೊರುವ ಕೈ.

ಸೆಪ್ಟೆಂಬರ್ 2, ಬುಧವಾರ

ಅಪ್ಪಚ್ಚು ಸರ್ ಬಂದಿದ್ದರು. ಮೋಸಂಬಿ ತಂದಿದ್ದರು.  ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ರುದ್ರಪ್ಪ, ನಾನು ಅಧ್ಯಯನ ನಿಲ್ಲಿಸಿಬಿಟ್ಟೆ. ಮೊದಲೇ ನಿಲ್ಲಿಸಬೇಕಿತ್ತು. ಹೊನ್ನಪ್ಪನ ಕೈ ಹೋದ ದಿನವೇ."

ಮೋಸಂಬಿ ಪಕ್ಕಕ್ಕೆ ಸರಿಸಿದೆ. ಹೊಲಿಗೆಯಿಂದ ತುಟಿ ಆಡಿಸುವುದೇ ಕಷ್ಟ.

"ನಿಮಗೆ ಒಂದು ವಿಷಯ ಹೇಳಬೇಕು. ಆ ಪರೀಕ್ಷೆ... ಆ ಕಾಗದಗಳನ್ನು ನಾವು ನೋಡಲೇ ಇಲ್ಲ. ನಿಮ್ಮ ಟೋಳಿಯಲ್ಲೂ ಚೀಟಿಯೇ ಎತ್ತಿದ್ದು. ನನ್ನ ಆಫೀಸಿನಲ್ಲಿ, ನಿಮ್ಮ ಬೆನ್ನ ಹಿಂದೆ. ನಿಮ್ಮ ಹೆಸರು ಬಂತು, ಅಷ್ಟೆ."

"ಯಾಕ್ರಿ?"

"ಒಂದು ಟೋಳಿಗೆ ಕುರ್ಚಿ ಅದೃಷ್ಟದಿಂದ ಸಿಕ್ಕಿತು ಅಂತ ಗೊತ್ತಿರಬೇಕು. ಇನ್ನೊಂದಕ್ಕೆ ಯೋಗ್ಯತೆಯಿಂದ ಸಿಕ್ಕಿತು ಅಂತ ನಂಬಿಕೆ ಇರಬೇಕು. ಆಗ ಮನುಷ್ಯರು ಹೇಗೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತಾರೆ ಅಂತ... ಅದೇ ಪ್ರಶ್ನೆ."

"ವಾಮನ್ ಯಾರಿಗರೆ ಹೊಡದಾನೇನ್ರಿ?"

"ಇಲ್ಲ. ಅವನು ಎಲ್ಲರ ಜೊತೆ ಗಂಟು ಹೊರುತ್ತಿದ್ದ. ಎರಡನೇ ಪಾಲಿನಲ್ಲಿ ಎಲ್ಲರಿಗೂ ಚಹಾ ಕುಡಿಸುತ್ತಿದ್ದ."

ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ನಾನು ಕೇಳಿದ್ದು ಬೇರೆಯೇ. ಅದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

"ಹಂಗಾರ ನಂದು ಎಷ್ಟು ನಂಬರ್ ಬಂದಿತ್ರಿ ಸರ್?"

ಅವರು ನನ್ನನ್ನು ನೋಡಿದರು. ಕಣ್ಣು ತುಂಬಿತು. "ಕಾಗದ ಇನ್ನೂ ಇದೆ. ಬೇಕಾದರೆ ಈಗ ನೋಡಿ ಹೇಳ್ತೇನೆ."

"ಬ್ಯಾಡ್ರಿ."

ಅವರ ಕೈ ನನ್ನ ಮಂಚದ ಮೇಲಿತ್ತು. ಮೆತ್ತನೆ ಕೈ. ಹಿಡಿದು ತಿರುಚಿ ಮುರಿಯಬೇಕು ಅನ್ನಿಸಿತು. ಹಿಡಿದೆ ಕೂಡ. ಅವರು ಬಿಡಿಸಿಕೊಳ್ಳಲಿಲ್ಲ. ನಾನೇ ಬಿಟ್ಟೆ. ಟೋಳಿಗೂ ಹೇಳುತ್ತೇನೆ, ಪೊಲೀಸರಿಗೂ ಹೇಳುತ್ತೇನೆ ಎಂದರು. ನಾನು ಹೇಳಿದೆ, ಟೋಳಿಗೆ ನೀವು ಹೇಳಬೇಡಿ, ನಾನು ಹೇಳುತ್ತೇನೆ.

ಹೇಳುತ್ತೇನೋ ಇಲ್ಲವೋ ಆಗ ಗೊತ್ತಿರಲಿಲ್ಲ. ಈಗಲೂ ಇಲ್ಲ.

ಸೆಪ್ಟೆಂಬರ್ 5, ಶನಿವಾರ

ಮನೆಗೆ ಬಿಟ್ಟರು. ಪೊಲೀಸರಿಗೆ ಹೇಳಿ ಬಿಡಿಸಿದ್ದು ಸೇಠ್. ಟಾಂಗಾ ಕಳಿಸಿ ಗೋದಾಮಿಗೆ ಕರೆಸಿಕೊಂಡ. ಗಾದಿಯ ಮೇಲೆ ಹೊಸ ಟೊಪ್ಪಿಗೆ ಇತ್ತು, ಕೆಂಪು.

ಕಾಲೇಜಿನವರು ಹೋದರೇನಾಯಿತು, ನೀನು ಪಕ್ಕಾ ಮುಕಾದಮ್ ಆಗು, ಅಂದ. ಬಾಬುವಿನ ಕೇಸು ನಾನು ನೋಡಿಕೊಳ್ಳುತ್ತೇನೆ. ಗದ್ದಲದಲ್ಲಿ ಕೊಕ್ಕೆ ತಾಗಿತು ಅಂತ ಟೋಳಿಯವರೆಲ್ಲ ಹೇಳುತ್ತಾರೆ. ನಾನೇ ಹೇಳಿಸುತ್ತೇನೆ, ಅಂದ.

ನನ್ನನ್ನೇ ಯಾಕೆ ಅಂತ ಕೇಳಿದೆ.

ಈ ಮೂರು ತಿಂಗಳಲ್ಲಿ ನಿನ್ನ ಟೋಳಿಯಿಂದ ಒಬ್ಬನೂ ಬಂದು ಕೂಲಿ ಹೆಚ್ಚಿಸಿ ಅನ್ನಲಿಲ್ಲ, ಅಂದ. ಅವರಿಗೆ ನನ್ನ ಮೇಲಿನ ಸಿಟ್ಟು ಮರೆತೇ ಹೋಗಿತ್ತು, ನಿನ್ನ ಮೇಲೇ ಇತ್ತು. ಎದುರಿನ ಗೋದಾಮಿನಲ್ಲಿ ವಾಮನ್ ಎಲ್ಲರನ್ನೂ ಕಟ್ಟಿಕೊಂಡು ಬಂದು ಕೂಲಿ ಹೆಚ್ಚಿಸಿಕೊಂಡ.

ನಗುತ್ತಾ ಹೇಳಿದ, ವ್ಯಾಪಾರದ ಮಾತು ಹೇಳುವ ಹಾಗೆ. ಇಲ್ಲವಾದರೆ? ಇಲ್ಲವಾದರೆ ಪೊಲೀಸರು ಇದ್ದಾರೆ, ಬಾಬುವಿನ ಹೇಳಿಕೆ ಇದೆ. ಸೋಮವಾರ ಹೇಳು ಅಂದ.

ಟೊಪ್ಪಿಗೆ ಮುಟ್ಟಿ ನೋಡಿದೆ. ಒಳಗೆ ಹೊಸ ಬಟ್ಟೆಯ ವಾಸನೆ. ನಿಜ ಬರೆಯುತ್ತೇನೆ— ಬೇಕು ಅನ್ನಿಸಿತು.

ಸೆಪ್ಟೆಂಬರ್ 7, ಸೋಮವಾರ

ಊಟದ ಹೊತ್ತಿಗೆ ಹೋದೆ. ಎಲ್ಲರೂ ಗೋಣಿ ಹಾಸಿ ಕೂತಿದ್ದರು. ಬಾಬು ಕೂಡ ಬಂದಿದ್ದ, ಕೈ ಜೋಲಿಯಲ್ಲಿ. ಕೊರಳಿನಿಂದ ಭುಜದವರೆಗೆ ಹೊಲಿಗೆ. ಹೊನ್ನಪ್ಪ ಅವನ ಪಕ್ಕ ಎಡಗೈಯಲ್ಲಿ ಉಣ್ಣುತ್ತಿದ್ದ. ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ನನ್ನನ್ನು ಕಂಡು ಒಬ್ಬ ಎದ್ದು ಬಿದಿರು ತೆಗೆದುಕೊಂಡ. ಸೇಠ್ ಮೇಲಿನ ಕಿಟಕಿಯಲ್ಲಿ.

ಹಿಂದಿಯಲ್ಲಿ ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ. ಆ ಪರೀಕ್ಷೆ ಸುಳ್ಳು. ಯಾರೂ ಕಾಗದ ನೋಡಿಲ್ಲ. ಚೀಟಿ ಎತ್ತಿದರು, ನನ್ನ ಹೆಸರು ಬಂತು. ನಾನು ನಿಮಗಿಂತ ಬುದ್ಧಿವಂತ ಅಲ್ಲ. ಸೇಠ್ ಮತ್ತೆ ಮುಕಾದಮ್ ಆಗು ಅಂದಿದ್ದಾನೆ, ನನಗೆ ಬೇಡ. ಬಾಬುವಿಗೆ ಕೊಕ್ಕೆ ತಾಗಿದ್ದಲ್ಲ, ನಾನೇ ಹಾಕಿದ್ದು. ಪೊಲೀಸರ ಮುಂದೆ ಹಾಗೇ ಹೇಳಿ.

ಯಾರೂ ನಗಲಿಲ್ಲ. ಬಾಬು ಎದ್ದು ಬಂದ. ಹತ್ತಿರ, ಉಸಿರು ತಾಗುವಷ್ಟು.

"ಚಿಠ್ಠೀ ಥೀ. ತೋ ಮಾರಾ ಕ್ಯೂಂ?"

ಚೀಟಿಯೇ ಆಗಿದ್ದರೆ ಹೊಡೆದದ್ದು ಯಾಕೆ?

ಬಾಯಿ ತೆರೆದೆ. ನನಗೆ ಗೊತ್ತಿರಲಿಲ್ಲ ಚೀಟಿ ಅಂತ, ಅನ್ನಬೇಕೆಂದಿದ್ದೆ. ಅಂದರೆ ಏನಾಯಿತು? ನಿಜವಾಗಿ ಮೊದಲು ಬಂದಿದ್ದರೆ ಹೊಡೆಯಬಹುದಿತ್ತೇ?  ಬಾಬು ಕಾದು ನೋಡಿದ. ಆಮೇಲೆ ನೆಟ್ಟಗಿರುವ ಕೈಯಿಂದ ಬಾಯಿಗೆ ಗುದ್ದಿದ. ತುಟಿಯ ಹೊಲಿಗೆ ಬಿಚ್ಚಿತು. ಬಿದ್ದೆ. ಎದ್ದೆ. ಇನ್ನೊಂದು ಹಾಕಿದ. ನನ್ನ ಕೈ ಕೆಳಗೇ ಇಟ್ಟುಕೊಂಡೆ. ಅದು ಕಷ್ಟವಾಯಿತು, ಮೇಲೆ ಬರುತ್ತಿತ್ತು.

ಮೂರನೆಯ ಸಲ ಹೊಡೆಯಲಿಲ್ಲ. ಹೋಗಿ ಗೋಣಿಯ ಮೇಲೆ ಕೂತ. ಮೇಲಿನ ಕಿಟಕಿ ಮುಚ್ಚಿತು.

ಸೆಪ್ಟೆಂಬರ್ 8, ಮಂಗಳವಾರ

ಸೇಠನ ಆಳು ಬಂದು ಹೇಳಿದ, ಇವತ್ತು ಪೊಲೀಸರು ಬರುತ್ತಾರೆ ಅಂತ. ಇರುವ ಒಂದೇ ಒಳ್ಳೆಯ ಅಂಗಿ ಒಗೆದು ಹಗ್ಗಕ್ಕೆ ಹಾಕಿದ್ದೇನೆ. ಮೋಡ, ಒಣಗುತ್ತಿಲ್ಲ.

ಹೊನ್ನಪ್ಪ ಬಂದ. ಅಕ್ಕನ ಎರಡು ಸೀರೆ ಉಳಿದಿದ್ದವು, ತೆಗೆದುಕೊಂಡು ಹೋಗಲು. ಸೀರೆ ಬಗಲಲ್ಲಿ ಇಟ್ಟುಕೊಂಡ. ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಬಾಯಲ್ಲಿ ಬೀಡಿ ಇಟ್ಟುಕೊಂಡ. ಕಡ್ಡಿಪೆಟ್ಟಿಗೆಯನ್ನು ಮೊಣಕಾಲ ನಡುವೆ ಹಿಡಿದು ಗೀರಿದ. ಎರಡು ಕಡ್ಡಿ ಮುರಿದವು.

"ಹಚ್ಚಿ ಕೊಡು" ಅಂದ.

ಹಚ್ಚಿ ಕೊಟ್ಟೆ. 

"ಅಕ್ಕ ಹ್ಯಾಂಗದಾಳ?"

"ಅದಾಳ."

ಹೊಗೆ ಬಿಟ್ಟ. ಮೊದಲಾಗಿದ್ದರೆ ಇಷ್ಟರಲ್ಲಿ ಏನಾದರೂ ಅಂದು ನಗಿಸುತ್ತಿದ್ದ. ನಾನು ಕೇಳಿದೆ. ಕೇಳದೆ ಇರಲು ಆಗಲಿಲ್ಲ.

"ಹೊನ್ನಾ, ಆ ಚೀಟಿ ನಿನ್ನ ಹೆಸರಿಗಿ ಬಂದಿದ್ರ... ನೀನೂ ಹಂಗ ಮಾಡ್ತಿದ್ದೆಲ್ಲೋ?"

ಬೀಡಿ ಮುಗಿಯುವವರೆಗೆ ಸೇದಿದ. ತುಂಡನ್ನು ನೆಲಕ್ಕೆ ಒತ್ತಿದ.

"ಇಲ್ಲ ಮಾವಾ" ಅಂದ. "ಹೊಡೀತಿದ್ದಿಲ್ಲ."

ಇನ್ನೇನೋ ಹೇಳುತ್ತಾನೆ ಅಂತ ಕಾದೆ. ಅಷ್ಟೇ.

ಅದಾದ ಮೇಲೆ ಇದನ್ನು ಬರೆಯಲು ಒಳಗೆ ಬಂದೆ. ಅವನು ಕಟ್ಟೆಯ ಮೇಲೆಯೇ ಇದ್ದಾನೆ. ಚಂದ್ರಮ್ಮನಿಗೆ ಒಂದು ಮಾತು ಹೇಳಿ ಕಳಿಸಬೇಕು. ಏನು ಅಂತ ತೋಚುತ್ತಿಲ್ಲ. ಗಲ್ಲದ ಗಾಯಕ್ಕೆ ಅರಿಸಿನ—

ಜೀಪು ನಿಂತಿತು. ಹೊನ್ನಪ್ಪ ಎದ್ದ. "ಅಂದರ್ ಹೈ ಸಾಬ್" ಅನ್ನುತ್ತಿದ್ದಾನೆ, ಒಳಗಿದ್ದಾನೆ ಅಂತ, ಮೆಲ್ಲಗೆ. ಅಂಗಿ ಇನ್ನೂ ಹಸಿ, ಆದರೂ ಅದನ್ನೇ ತೊಟ್ಟು